ನಾಯಿ ಮಾತು ಕೇಳುತ್ತಿಲ್ಲವಾ? ಟ್ರೇನರ್ ಕರೆಸುವ ಮೊದಲು ದೋಷ ಎಲ್ಲಿದೆ ಅಂತ ಹುಡುಕಿ

ಗಂಗಾವತಿಯಿಂದ ಅಕ್ಕ ಒಬ್ಬರು ಫೋನ್ ಮಾಡಿದ್ದರು. ಮನೆಯಲ್ಲಿ ಎರಡು ವರ್ಷದ ಲ್ಯಾಬ್ರಡಾರ್ ಇದೆ. "ಏನ್ ಹೇಳಿದ್ರೂ ಕೇಳಂಗಿಲ್ರಿ. ಮನಿಗೇ ಬಂದು ಕಲಿಸೋರು ಯಾರರ ಇದ್ರ ನಂಬರ್ ಕೊಡ್ರಿ" ಅಂದರು. ನಂಬರ್ ಕೊಡುವ ಮೊದಲು ನಾನು ಮೂರು ಪ್ರಶ್ನೆ ಕೇಳಿದೆ. ಸರಿಯಾಗಿ ಏನು ಮಾಡುತ್ತದೆ? ಯಾವ ಹೊತ್ತಿಗೆ ಮಾಡುತ್ತದೆ? ಯಾವಾಗಿನಿಂದ ಮಾಡುತ್ತಿದೆ? ಮೂರಕ್ಕೂ ಅವರ ಹತ್ತಿರ ಉತ್ತರ ಇರಲಿಲ್ಲ. ಒಂದು ವಾರ ನೋಡಿ ಬರೆದಿಟ್ಟು ಮತ್ತೆ ಫೋನ್ ಮಾಡಿ ಅಂದೆ. ಅವರಿಗೆ ಸ್ವಲ್ಪ ಬೇಸರವೇ ಆಯಿತು.

ಆದರೂ ಹಾಗೆ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಕೆಂಚನ ವಿಷಯದಲ್ಲಿ ನಾನು ಈ ಮೂರು ಪ್ರಶ್ನೆ ಕೇಳಿಕೊಂಡಿರಲಿಲ್ಲ. ಆ ಕಥೆ ಮುಂದೆ ಬರುತ್ತದೆ. ಈಗ ಇಷ್ಟು ತಿಳಿದಿರಲಿ: ಒಂದು ನಾಯಿಗೆ ಒಬ್ಬ ಟ್ರೇನರ್ ಅಂತ ಮನೆಗೆ ಕರೆಸಿಕೊಳ್ಳುವುದು ಒಳ್ಳೆಯ ದಾರಿಯೇ. ಆದರೆ ದೋಷ ಎಲ್ಲಿದೆ ಅಂತ ಗೊತ್ತಿಲ್ಲದೆ ಕರೆಸಿದರೆ ದುಡ್ಡೂ ಹೋಗುತ್ತದೆ, ನಾಯಿಗೂ ಹಿಂಸೆ.

ಒಂದು ವಾರ ಬರೆದಿಡಿ

"ಮಾತು ಕೇಳಲ್ಲ" ಅನ್ನುವುದು ಲಕ್ಷಣ ಅಲ್ಲ. ಅದು ನಮ್ಮ ಬೇಸರ, ಅಷ್ಟೇ. "ಹಾಲಿನವನು ಬಂದಾಗ ಗೇಟಿಗೆ ಹಾರಿ ಬೊಗಳುತ್ತದೆ", "ಊಟದ ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತದೆ", ಇವು ಲಕ್ಷಣ.

ಮಕ್ಕಳ ಹಳೇ ನೋಟ್‌ಬುಕ್ ಒಂದು ತೆಗೆದುಕೊಳ್ಳಿ. ತೊಂದರೆ ಆದಾಗಲೆಲ್ಲ ನಾಲ್ಕು ಸಂಗತಿ ಬರೆಯಿರಿ: ಹೊತ್ತು ಎಷ್ಟು, ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ನಾಯಿ ಏನು ಮಾಡಿತು, ಆಮೇಲೆ ನೀವು ಏನು ಮಾಡಿದಿರಿ. ನಾಲ್ಕನೆಯದನ್ನು ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ದೋಷ ಹೆಚ್ಚು ಸಲ ಸಿಗುವುದು ಅಲ್ಲೇ. ನಾಯಿ ಮೈಮೇಲೆ ಹಾರಿದಾಗ "ಬ್ಯಾಡ ಬ್ಯಾಡ" ಅಂತ ಎರಡೂ ಕೈಯಿಂದ ತಳ್ಳುತ್ತೇವೆ. ನಮ್ಮ ಲೆಕ್ಕದಲ್ಲಿ ಅದು ಬೈಗುಳ. ನಾಯಿಯ ಲೆಕ್ಕದಲ್ಲಿ ಆಟ. ದಿನಕ್ಕೆ ಹತ್ತು ಸಲ ಆ ಆಟ ಆಡಿಸಿ, ಆಮೇಲೆ ಹಾರುವ ಚಟ ಬಿಡಿಸಲು ಟ್ರೇನರ್ ಹುಡುಕುತ್ತೇವೆ.

ಮೊಬೈಲ್‌ನಲ್ಲಿ ವಿಡಿಯೋ ಕೂಡ ಮಾಡಿಕೊಳ್ಳಿ. ಒಳ್ಳೆಯ ಟ್ರೇನರ್ ಮೊದಲು ಕೇಳುವುದೇ ವಿಡಿಯೋ. ಆದರೆ ವಿಡಿಯೋ ಸಿಗಲಿ ಅಂತ ಬೇಕೆಂದೇ ನಾಯಿಯನ್ನು ಕೆಣಕಬೇಡಿ. ಕಚ್ಚುವ ಸ್ವಭಾವ ಇದ್ದರಂತೂ ಖಂಡಿತ ಬೇಡ.

ಮೊದಲ ಪರೀಕ್ಷೆ: ಮೈಯಲ್ಲಿ ಎಲ್ಲಾದರೂ ನೋವಿದೆಯಾ?

ಈಗ ಕೆಂಚನ ಕಥೆ. ಕೆಂಚ ನಮ್ಮ ಬಳ್ಳಾರಿ ಮನೆಯ ನಾಯಿ, ಮುಧೋಳ ಬೆರಕೆ, ಉದ್ದ ಕಾಲು, ಸಣ್ಣ ಸೊಂಟ. ಮೂರು ವರ್ಷದ ತನಕ ಯಾರ ಮೇಲೂ ಗುರ್ ಅಂದವನಲ್ಲ. ಒಂದು ಮಳೆಗಾಲದಲ್ಲಿ ಕೊರಳ ಬೆಲ್ಟ್ ಹಾಕಲು ಹೋದರೆ ಹಲ್ಲು ತೋರಿಸಲು ಶುರು ಮಾಡಿದ. ನಾನು ಟ್ರೇನರ್ ಒಬ್ಬರನ್ನು ಕರೆಸಿದೆ. ಬಂದವರು ಹತ್ತು ನಿಮಿಷ ನೋಡಿದರು. "ಇದು ಮನೆಗೆ ಯಜಮಾನ ಆಗೋಕೆ ನೋಡ್ತಿದೆ, ಬಗ್ಗಿಸಬೇಕು" ಅಂದರು. ಜಗ್ಗಿದರೆ ಕೊರಳು ಬಿಗಿಯುವ ಚೋಕ್ ಚೈನ್ ಹಾಕಿ, ಗುರ್ ಅಂದಾಗಲೆಲ್ಲ ಜಗ್ಗಿದರು. ಮೂರು ವಾರ ಹೀಗೇ ನಡೆಯಿತು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಕೊನೆಗೆ ಲಸಿಕೆಗೆ ಅಂತ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಎಡಗಿವಿ ಒಳಗೆಲ್ಲ ಕೀವು. ಕೊರಳಿಗೆ ಕೈ ಹೋದರೆ ಕಿವಿ ಬುಡಕ್ಕೆ ತಾಗುತ್ತಿತ್ತು, ಅದಕ್ಕೇ ಗುರ್ ಅನ್ನುತ್ತಿದ್ದ. ಎರಡು ವಾರ ಔಷಧಿ ಬಿಟ್ಟ ಮೇಲೆ ಕಿವಿ ವಾಸಿಯಾಯಿತು. ಕೊರಳ ಕಡೆ ಕೈ ಬಂದರೆ ಹೆದರುವುದು ಮಾತ್ರ ಎಂಟು ತಿಂಗಳು ಹೋಗಲಿಲ್ಲ. ಅದು ರೋಗದಿಂದ ಬಂದದ್ದಲ್ಲ, ನಾವು ಕೊಟ್ಟದ್ದು.

ಹಾಗಾಗಿ ನನ್ನ ಮೊದಲ ಮಾತು ಇದು. ಬೆಳೆದ ನಾಯಿ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಪಶುವೈದ್ಯರು, ಆಮೇಲೆ ಟ್ರೇನರ್.

ನೋಡಬೇಕಾದ್ದು ಏನೇನು? ತಲೆ ಒದರುವುದು, ಒಂದೇ ಕಿವಿ ಕೆರೆದುಕೊಳ್ಳುವುದು, ಕಿವಿಯಿಂದ ವಾಸನೆ. ಮೆಟ್ಟಿಲು ಹತ್ತಲು ಹಿಂಜರಿಯುವುದು, ಕೂತರೆ ಏಳಲು ಹೊತ್ತು ಹಿಡಿಯುವುದು. ದೊಡ್ಡ ತಳಿಗಳಲ್ಲಿ ಸೊಂಟದ ಕೀಲಿನ ತೊಂದರೆ ಇರುತ್ತದೆ, "ಕೂತ್ಕೋ" ಅಂದರೆ ಕೂರದೆ ಇರುವುದಕ್ಕೆ ಅದೂ ಕಾರಣ ಆಗಬಹುದು. ಗಟ್ಟಿ ವಸ್ತು ಒಂದೇ ಕಡೆ ಅಗಿಯುತ್ತಿದ್ದರೆ ಹಲ್ಲು ನೋಡಿಸಿ. ಮನೆಯೊಳಗೆ ಉಚ್ಚೆ ಮಾಡಬಾರದು ಅಂತ ಗೊತ್ತಿದ್ದ ನಾಯಿ ಒಮ್ಮೆಲೇ ಎಲ್ಲೆಂದರಲ್ಲಿ ಮಾಡಲು ಶುರು ಮಾಡಿದರೆ ಮೂತ್ರದ ಸೋಂಕು ಇರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು.

ನಮ್ಮ ಕಡೆ ಉಣ್ಣಿ ಜಾಸ್ತಿ. ಕಂದು ಉಣ್ಣಿಯಿಂದ ಬರುವ ಜ್ವರದಲ್ಲಿ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ಕರೆದರೆ ಏಳುವುದಿಲ್ಲ, ಕೆಲವು ಸಲ ಮೂಗಿನಿಂದ ರಕ್ತವೂ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಇದನ್ನು "ಸೋಮಾರಿ ಆಗಿದೆ, ಟ್ರೇನಿಂಗ್ ಕೊಡಿಸೋಣ" ಅಂದುಕೊಂಡು ಹದಿನೈದು ದಿನ ಕಳೆದರೆ ಜೀವಕ್ಕೇ ಅಪಾಯ. ಹೆಣ್ಣು ನಾಯಿಯಾದರೆ ಬೆದೆಯ ಲೆಕ್ಕ ಇಡಿ. ಬೆದೆ ಮುಗಿದು ಒಂದೆರಡು ತಿಂಗಳಿಗೆ, ಮರಿ ಇಲ್ಲದಿದ್ದರೂ ಮರಿ ಇದ್ದ ಹಾಗೆ ಚಪ್ಪಲಿ, ಗೊಂಬೆ ಕಾಯುತ್ತಾ ಕೂರುವುದುಂಟು. ಆಗ ಗುರ್ ಅಂದರೆ ಅದು ಸೊಕ್ಕಲ್ಲ.

ಒಂದು ವಿಷಯ ಬೇರೆಯಾಗಿಯೇ ಹೇಳುತ್ತೇನೆ. ಲಸಿಕೆ ಆಗದ ನಾಯಿ ಇದ್ದಕ್ಕಿದ್ದಂತೆ ಸ್ವಭಾವ ಬದಲಿಸಿ, ಕಾರಣವಿಲ್ಲದೆ ಕಚ್ಚಲು ಬಂದರೆ, ಜೊಲ್ಲು ಸುರಿಸಿದರೆ, ನೀರು ನುಂಗಲು ಆಗದೆ ಒದ್ದಾಡಿದರೆ, ಅಲ್ಲಿ ತರಬೇತಿಯ ಮಾತೇ ಇಲ್ಲ. ದೂರ ಇರಿ, ಬೀಗ ಹಾಕಿ, ಪಶುವೈದ್ಯರಿಗೆ ಫೋನ್ ಮಾಡಿ. ಯಾರಿಗಾದರೂ ಕಚ್ಚಿದ್ದರೆ, ಪರಚಿದ್ದರೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಎರಡನೇ ಪರೀಕ್ಷೆ: ಮನೆಯ ದಿನಚರಿ

ಮೈ ಸರಿ ಇದೆ ಅಂತ ಡಾಕ್ಟರು ಹೇಳಿದರು ಅಂದುಕೊಳ್ಳಿ. ಆಗಲೂ ಟ್ರೇನರ್‌ಗೆ ಅವಸರ ಬೇಡ. ದಿನಕ್ಕೆ ಎಷ್ಟು ಹೊತ್ತು ಕಟ್ಟಿರುತ್ತೀರಿ ಅಂತ ಲೆಕ್ಕ ಹಾಕಿ. ಗೇಟಿನ ಕಂಬಕ್ಕೆ ಎರಡು ಮೊಳದ ಚೈನು ಹಾಕಿ ಹದಿನಾಲ್ಕು ತಾಸು ಕಟ್ಟಿದ ನಾಯಿ, ಬಿಟ್ಟ ತಕ್ಷಣ ಸಮಾಧಾನವಾಗಿ ನಡೆಯಬೇಕು ಅಂದರೆ ಹೇಗಾಗುತ್ತದೆ?

ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರೂ ಜಿಲ್ಲೆಗೆ ಬಿಸಿಲಿನ ತಾಪತ್ರಯ ಬೇರೆ. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ನಂಥ ಮೋಟು ಮೂತಿಯವಕ್ಕೆ ಅದೂ ಸರಿಯಾಗಿ ಆಗುವುದಿಲ್ಲ. ವಾಕಿಂಗ್‌ಗೆ ಮೊದಲು ಅಂಗೈಯ ಹಿಂಭಾಗ ಟಾರಿನ ಮೇಲೆ ಏಳು ಸೆಕೆಂಡು ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗುವುದಿಲ್ಲ. "ವಾಕಿಂಗ್‌ಗೆ ಬಂದರೆ ಅರ್ಧ ದಾರಿಗೇ ಕೂತುಬಿಡುತ್ತದೆ, ಹಟಮಾರಿ" ಅಂತ ರಾಯಚೂರಿನ ಗೆಳೆಯ ಹೇಳುತ್ತಿದ್ದ. ಹೊತ್ತು ಕೇಳಿದರೆ ಬೆಳಗ್ಗೆ ಒಂಬತ್ತೂವರೆ. ಆರು ಗಂಟೆಗೆ ಬದಲಿಸಿದ. ಹಟ ಅವತ್ತೇ ಹೋಯಿತು.

ಬಿಸಿಲಿಗೆ ಹೊರಗೆ ಹೋಗಲಾಗದ ತಿಂಗಳುಗಳಲ್ಲಿ ಮೂಗಿಗೆ ಕೆಲಸ ಕೊಡಿ. ಬಟ್ಟಲಿಗೆ ಊಟ ಸುರಿಯುವ ಬದಲು ಹಳೇ ಸೀರೆಯ ತುಂಡನ್ನು ಸಡಿಲ ಗಂಟು ಹಾಕಿ, ಮಡಿಕೆಗಳಲ್ಲಿ ಕಾಳು ಕಾಳಾಗಿ ಊಟ ಬಚ್ಚಿಡಿ. ಬಟ್ಟೆಯನ್ನೇ ನುಂಗುವ ನಾಯಿಯಾದರೆ ಪಕ್ಕದಲ್ಲೇ ಕೂತಿರಿ. ಇಪ್ಪತ್ತು ನಿಮಿಷ ಮೂಸಿ ಹುಡುಕಿ ತಿಂದ ನಾಯಿ ಮಧ್ಯಾಹ್ನವೆಲ್ಲ ಮಲಗುತ್ತದೆ. ಮನೆಯ ಸಾಮಾನು ಕಡಿಯುವ ತೊಂದರೆಗೆ ನಾನು ಕಂಡ ಹಾಗೆ ಅರ್ಧ ಮದ್ದು ಇದೇ.

ಇನ್ನು ಭಾಷೆ. ಬಳ್ಳಾರಿಯಲ್ಲಿ ಇದು ದಿನದ ಸಮಸ್ಯೆ. ನಮ್ಮ ಮನೆಯಲ್ಲೇ ಅಜ್ಜಿ ತೆಲುಗಿನಲ್ಲಿ "ರಾ" ಅನ್ನುತ್ತಾರೆ, ಅಮ್ಮ "ಬಾ ಇಲ್ಲಿ" ಅನ್ನುತ್ತಾರೆ, ಓಣಿಯ ಹುಡುಗರು "ಆಜಾ" ಅಂತಾರೆ, ಟ್ರೇನರ್ ಬಂದು "ಕಮ್" ಕಲಿಸಿದರು. ನಾಲ್ಕು ಮಾತು, ಕೆಲಸ ಒಂದೇ. ನಾಯಿಗೆ ಭಾಷೆ ಗೊತ್ತಿಲ್ಲ, ಸದ್ದು ಗೊತ್ತು. ನಾಲ್ಕು ಸದ್ದನ್ನೂ ಕಲಿಯಬಲ್ಲದು, ಆದರೆ ನಾಲ್ಕನ್ನೂ ಬೇರೆ ಬೇರೆಯಾಗಿ ಕಲಿಸಬೇಕು. ಯಾರೂ ಕಲಿಸುವುದಿಲ್ಲ. ಹಾಗಾಗಿ ಮನೆಮಂದಿಯೆಲ್ಲ ಕೂತು ಒಂದು ಕೆಲಸಕ್ಕೆ ಒಂದೇ ಮಾತು ಅಂತ ನಿರ್ಧಾರ ಮಾಡಿ, ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಯಾವ ಭಾಷೆಯಾದರೂ ಸರಿ. ನಾವು ಅಜ್ಜಿಯ "ರಾ" ಇಟ್ಟುಕೊಂಡೆವು. ಅಜ್ಜಿಯನ್ನು ಬದಲಿಸುವುದಕ್ಕಿಂತ ನಾವು ಬದಲಾಗುವುದು ಸುಲಭ ಅಲ್ವಾ?

ಮರಿಗಳ ವಿಷಯ ಚುಟುಕಾಗಿ: ಎರಡು ತಿಂಗಳ ಮರಿ ಎರಡು ಮೂರು ತಾಸಿಗಿಂತ ಜಾಸ್ತಿ ಉಚ್ಚೆ ತಡೆದುಕೊಳ್ಳಲಾರದು. ಅದು ದೋಷವೇ ಅಲ್ಲ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಒಯ್ಯಿರಿ.

ಈಗ ಯಾವ ತೊಂದರೆಗೆ ಯಾವ ತರಬೇತಿ

ಮೈ ಸರಿ ಇದೆ, ದಿನಚರಿ ಸರಿ ಮಾಡಿ ಎರಡು ವಾರ ಆಯಿತು, ಆದರೂ ತೊಂದರೆ ಉಳಿದಿದೆ. ಈಗ ಟ್ರೇನರ್ ಬೇಕು. ಯಾವ ಥರದ ತರಬೇತಿ ಅನ್ನುವುದು ತೊಂದರೆ ಎಲ್ಲಿ ನಡೆಯುತ್ತದೆ ಅನ್ನುವುದರ ಮೇಲೆ ನಿಂತಿದೆ.

ಗೇಟಿನ ತೊಂದರೆಯನ್ನೇ ನೋಡಿ. ಓಣಿಯಲ್ಲಿ ಯಾರೋ ಹೋಗುತ್ತಾರೆ, ನಾಯಿ ಬೊಗಳುತ್ತದೆ, ಅವರು ಮುಂದೆ ಹೋಗುತ್ತಾರೆ. ಅವರು ಹೋಗುವುದು ಅವರ ಕೆಲಸಕ್ಕೆ, ಆದರೆ ನಾಯಿಗೆ ತಾನು ಬೊಗಳಿದ್ದರಿಂದಲೇ ಹೋದರು ಅನ್ನಿಸುತ್ತದೆ. ದಿನಕ್ಕೆ ಐವತ್ತು ಸಲ ಗೆಲ್ಲುವ ಆಟವನ್ನು ಯಾವ ನಾಯಿ ಬಿಡುತ್ತದೆ? ಇಂಥ ನಾಯಿಯನ್ನು ಬೇರೆ ಊರಿನಲ್ಲಿ ನಾಯಿಗಳನ್ನು ಇಟ್ಟುಕೊಂಡು ಕಲಿಸುವ ಕೆನಲ್‌ಗೆ 30 ದಿನ ಬಿಟ್ಟು ಬಂದರೆ ಅಲ್ಲಿ ಸುಮ್ಮನೆ ಇರುತ್ತದೆ, ಯಾಕೆಂದರೆ ಅಲ್ಲಿ ನಿಮ್ಮ ಗೇಟು ಇಲ್ಲ. ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ತಾನಾಗಿಯೇ ತರುವುದರಲ್ಲಿ ನಾಯಿಗಳು ಹಿಂದೆ. ಮನೆಗೆ ಬಂದ ಮಾರನೇ ದಿನ ಅದೇ ಗೇಟು, ಅದೇ ಬೊಗಳು. ಹಾಗಾಗಿ ಗೇಟು, ಬಾಗಿಲು, ಅತಿಥಿ, ಊಟದ ತಟ್ಟೆ, ಮನೆ ಮಕ್ಕಳು ಇವುಗಳ ಸುತ್ತ ಇರುವ ತೊಂದರೆಗೆಲ್ಲ ಮನೆಗೇ ಬರುವ ಟ್ರೇನರ್ ಸರಿ. ಅವರು ಬರುವ ತನಕ ಗೇಟಿಗೆ ತಗಡೋ ಹಸಿರು ನೆಟ್ಟೋ ಕಟ್ಟಿ ಕಾಣದ ಹಾಗೆ ಮಾಡಿ. ಅಷ್ಟರಿಂದಲೇ ಅರ್ಧ ಕಡಿಮೆಯಾದರೆ ಆಶ್ಚರ್ಯಪಡಬೇಡಿ.

ಒಂಟಿ ಬಿಟ್ಟಾಗ ಕೂಗುವ, ಕಡಿಯುವ ನಾಯಿಗೆ ಮೊದಲು ಒಂದು ಪರೀಕ್ಷೆ. ಹಳೇ ಮೊಬೈಲ್ ವಿಡಿಯೋ ಆನ್ ಮಾಡಿಟ್ಟು ಹೊರಗೆ ಹೋಗಿ. ನೀವು ಹೋದ ಮೊದಲ ಅರ್ಧ ತಾಸಿನಲ್ಲೇ ಒದ್ದಾಟ ಶುರುವಾಗಿ, ಬಾಗಿಲ ಚೌಕಟ್ಟು ಕೆರೆದು, ಜೊಲ್ಲು ಸುರಿಸಿ, ಇಟ್ಟ ತಿಂಡಿಯನ್ನೂ ಮುಟ್ಟದಿದ್ದರೆ ಅದು ಭಯ. ಎರಡು ತಾಸು ಮಲಗಿ ಎದ್ದು, ಆರಾಮಾಗಿ ನಿಮ್ಮ ಚಪ್ಪಲಿ ಅಗಿದರೆ ಅದು ಬೇಸರ. ಬೇಸರಕ್ಕೆ ಮೇಲೆ ಹೇಳಿದ ಸೀರೆ ಗಂಟು ಸಾಕು. ಭಯಕ್ಕೆ ಮಾತ್ರ ಆ ಒಂದು ನಾಯಿಗೇ ಅಂತ ಮಾಡುವ ನಿಧಾನದ ತರಬೇತಿ ಬೇಕು: ಐದು ಸೆಕೆಂಡು ಹೊರಗೆ ಹೋಗಿ ಬರುವುದು, ಹತ್ತು ಸೆಕೆಂಡು, ಮೂವತ್ತು ಸೆಕೆಂಡು, ಹೀಗೆ ವಾರಗಟ್ಟಲೆ. ಕೆಲವಕ್ಕೆ ವೈದ್ಯರ ಮಾತ್ರೆಯೂ ಬೇಕಾಗುತ್ತದೆ. ಇದಕ್ಕೆ ಟ್ರೇನರ್ ಮನೆಗೇ ಬರಬೇಕಿಲ್ಲ. ಅವರು ಮನೆಯಲ್ಲಿದ್ದರೆ ನಾಯಿ ಒಂಟಿ ಆಗುವುದೇ ಇಲ್ಲವಲ್ಲ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೂತು ವಿಡಿಯೋ ಕಾಲ್‌ನಲ್ಲಿ ನೋಡುತ್ತಾ ಹೇಳಿಕೊಡುವವರು ಸಿಗುತ್ತಾರೆ, ಈ ಒಂದು ತೊಂದರೆಗೆ ಅದೇ ಮೇಲು. ಊರಲ್ಲಿ ಯಾರೂ ಇಲ್ಲ ಅಂತ ಕೈಚೆಲ್ಲಬೇಡಿ.

ಹಗ್ಗ ಜಗ್ಗುವುದಕ್ಕೆ, ಹಾರುವುದಕ್ಕೆ ಒಂದೆರಡು ಕ್ಲಾಸ್ ಸಾಕು, ಉಳಿದದ್ದು ನಿಮ್ಮ ಅಭ್ಯಾಸ.

ಕಚ್ಚಿದ, ಕಚ್ಚಲು ಹೋದ ನಾಯಿಗೆ ಗುಂಪಿನಲ್ಲಿ ತರಬೇತಿ ಬೇಡವೇ ಬೇಡ. ಅದಕ್ಕೆ ಒಬ್ಬರೇ ಟ್ರೇನರ್, ಜೊತೆಗೆ ಪಶುವೈದ್ಯರು, ಇಬ್ಬರೂ ಮಾತಾಡಿಕೊಂಡು ಮಾಡಬೇಕು. ಉಳುವ ಎತ್ತಿನ ಬಾಯಿಗೆ ಕಟ್ಟುವ ಬುಟ್ಟಿಯ ಹಾಗಿರುವ, ಕಚ್ಚದಂತೆ ಮೂತಿಗೆ ಹಾಕುವ ಮಜಲ್ ಸಿಗುತ್ತದೆ. ಅದರಲ್ಲಿ ನಾಯಿ ತೇಕಬಹುದು, ನೀರು ಕುಡಿಯಬಹುದು. ಒಳಗೆ ತಿಂಡಿ ಇಟ್ಟು ತಾನಾಗಿಯೇ ಮೂತಿ ಹಾಕುವ ಹಾಗೆ ಮೊದಲು ರೂಢಿ ಮಾಡಿಸಿ. ಬಾಯಿ ಪೂರ್ತಿ ಬಿಗಿಯುವ ಬಟ್ಟೆಯ ಪಟ್ಟಿ ನಮ್ಮ ಬಿಸಿಲಿಗೆ ಅಪಾಯ.

ಚಿಕ್ಕ ಮರಿಗೆ ಮಾತ್ರ ಉಲ್ಟಾ, ಅದಕ್ಕೆ ಮನೆಯ ಹೊರಗಿನದ್ದನ್ನು ತೋರಿಸಬೇಕು. ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದ ತನಕ ಮರಿ ಯಾವುದನ್ನು ನೋಡಿ ಸಮಾಧಾನವಾಗಿ ಇರುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ. ಟ್ರೇನರ್ ಮನೆಯೊಳಗೇ ಕೂತು ಕಲಿಸಿದರೆ ಆ ದಿನಗಳು ಹಾಗೇ ಕಳೆದುಹೋಗುತ್ತವೆ. ಲಸಿಕೆ ಪೂರ್ತಿ ಆಗಿಲ್ಲ, ನೆಲಕ್ಕೆ ಬಿಟ್ಟರೆ ಪಾರ್ವೊ (ಮರಿಗಳ ಜೀವ ತೆಗೆಯುವ ವಾಂತಿಭೇದಿ ರೋಗ) ಭಯ ಅನ್ನುತ್ತೀರಿ, ಸರಿಯಾದ ಭಯವೇ, ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹಾಗಾದರೆ ಎತ್ತಿಕೊಂಡು ಹೋಗಿ. ಟವೆಲ್‌ನಲ್ಲಿ ಸುತ್ತಿ ತೊಡೆ ಮೇಲೆ ಕೂರಿಸಿಕೊಂಡು ಬಳ್ಳಾರಿಯ ರಾಯಲ್ ಸರ್ಕಲ್ ಬದಿಯಲ್ಲೋ ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರವೋ ಹತ್ತು ನಿಮಿಷ ಕೂರಿ. ಆಟೋ ಸದ್ದು, ಬುರ್ಖಾ ಹಾಕಿದವರು, ಪಂಚೆ ಉಟ್ಟವರು, ಹೆಲ್ಮೆಟ್ ಹಾಕಿದವರು, ತಲೆ ಮೇಲೆ ಬುಟ್ಟಿ ಹೊತ್ತವರು, ಎಲ್ಲರನ್ನೂ ದೂರದಿಂದ ನೋಡಲಿ, ನಡುನಡುವೆ ತಿಂಡಿ ಕೊಡಿ.

ಬಿಟ್ಟು ಬರುವ ತರಬೇತಿ ಬಗ್ಗೆ ಬಹಳ ಜನ ಕೇಳುತ್ತಾರೆ. ಅಲ್ಲಿ ದಿನವಿಡೀ ಏನು ನಡೆಯುತ್ತದೆ ಅಂತ ನಿಮಗೆ ಕಾಣುವುದಿಲ್ಲ, ನಿಮ್ಮ ಕೈಗೆ ಏನೂ ಕಲಿಸುವುದಿಲ್ಲ. ಈ ಎರಡು ಕಾರಣಕ್ಕೆ ನಾನು ಬೇಡ ಅನ್ನುತ್ತೇನೆ.

ಟ್ರೇನರ್‌ನ ಪರೀಕ್ಷೆ

ನಾಯಿ ಟ್ರೇನರ್ ಅಂತ ಬೋರ್ಡ್ ಹಾಕಲು ನಮ್ಮಲ್ಲಿ ಯಾವ ಪದವಿಯೂ ಕಡ್ಡಾಯ ಇಲ್ಲ. ಹಾಗಾಗಿ ಪರೀಕ್ಷೆ ಮಾಡುವ ಕೆಲಸ ನಿಮ್ಮದೇ. ಫೋನಿನಲ್ಲೇ ಕೇಳಿ: "ಸರ್, ನಾಯಿ ಸರಿ ಮಾಡಿದಾಗ ಏನ್ ಮಾಡ್ತೀರಿ? ತಪ್ಪು ಮಾಡಿದಾಗ ಏನ್ ಮಾಡ್ತೀರಿ?" ಎರಡನೇ ಪ್ರಶ್ನೆಗೆ ಬರುವ ಉತ್ತರ ಮುಖ್ಯ. "ತಪ್ಪಾಗದ ಹಾಗೆ ದೂರ ನಿಲ್ಲಿಸಿ ಶುರು ಮಾಡ್ತೀವಿ, ತಪ್ಪಾದ್ರೆ ಸುಲಭ ಮಾಡ್ತೀವಿ" ಅಂದರೆ ಮುಂದುವರಿಯಿರಿ. "ಜಗ್ಗಿದ್ರೆ ತಿಳ್ಕೊಳ್ತದೆ" ಅಂದರೆ ಫೋನ್ ಇಡಿ. ಚೋಕ್ ಚೈನ್, ಮುಳ್ಳಿನ ಬೆಲ್ಟ್, ಶಾಕ್ ಬೆಲ್ಟ್ ಬಳಸುವವರು ಬೇಡ. ಪ್ರಾಣಿಗಳ ವರ್ತನೆಯನ್ನೇ ಓದಿದ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ: ಎಲ್ಲ ನಾಯಿಗೂ, ಕಚ್ಚುವ ನಾಯಿಗೂ, ಬಹುಮಾನ ಕೊಟ್ಟು ಕಲಿಸುವ ದಾರಿಯೇ ಸರಿ, ನೋವು ಕೊಡುವುದು ಯಾವುದಕ್ಕೂ ಅಗತ್ಯ ಅನ್ನಲು ಆಧಾರವಿಲ್ಲ.

"ನಾಯಿ ನಿಮ್ಮ ಮೇಲೆ ಯಜಮಾನಿಕೆ ಮಾಡ್ತಿದೆ" ಅನ್ನುವ ಮಾತು ಕೇಳಿದರೆ ಎಚ್ಚರ. ಇದು ಬಂದದ್ದು ತೋಳಗಳಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಕೂಡಿಹಾಕಿದ ತೋಳಗಳನ್ನು ನೋಡಿ ಅವು ಯಜಮಾನಿಕೆಗೆ ಜಗಳ ಆಡುತ್ತವೆ ಅಂತ ಬರೆದರು. 1970ರಲ್ಲಿ ಡೇವಿಡ್ ಮೆಕ್ ಅನ್ನುವ ವಿಜ್ಞಾನಿ ಬರೆದದ್ದರಿಂದ ಆ ಮಾತು ಎಲ್ಲ ಕಡೆ ಹರಡಿತು. ಆದರೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಕಣ್ಣಾರೆ ನೋಡಿದ ಮೇಲೆ ಅದೇ ಮೆಕ್ 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಹೇಳಿದವರೇ ಹಿಂದಕ್ಕೆ ತೆಗೆದುಕೊಂಡ ಮಾತನ್ನು ಹಿಡಿದು ನಮ್ಮ ಕೆಂಚನ ಕೊರಳು ಜಗ್ಗಿದರಲ್ಲ ಅಂತ ನನಗೆ ಈಗಲೂ ಸಂಕಟ ಆಗುತ್ತದೆ.

"ನಾಟಿ ನಾಯಿಗೆ ಟ್ರೇನಿಂಗ್ ಆಗಲ್ಲ" ಅನ್ನುವವರನ್ನೂ ಬಿಡಿ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಮೇಲೆ 2005ರಲ್ಲಿ ಅಂಚೆ ಚೀಟಿ ಬಂತು, 2016ರಲ್ಲಿ ಸೇನೆಯವರು ಅದರ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದರು. ಮುಧೋಳ ಕಣ್ಣಿನಿಂದ ಬೇಟೆ ಆಡುವ ತಳಿ. ದೂರದಲ್ಲಿ ಮೊಲವೋ ಪ್ಲಾಸ್ಟಿಕ್ ಚೀಲವೋ ಅಲ್ಲಾಡಿದರೆ ಓಡಿಬಿಡುತ್ತದೆ, ಆಗ ಕರೆದರೆ ಕೇಳಿಸುವುದೇ ಇಲ್ಲ. ಇದು ಗೊತ್ತಿರುವ ಟ್ರೇನರ್ ಉದ್ದ ಹಗ್ಗದಿಂದ ಶುರು ಮಾಡುತ್ತಾರೆ. ಗೊತ್ತಿಲ್ಲದವರು ಹಟಮಾರಿ ಅನ್ನುತ್ತಾರೆ.

"ಹದಿನೈದು ದಿನದಲ್ಲಿ ಗ್ಯಾರಂಟಿ" ಅನ್ನುವವರು ಬೇಡ. ದುಡ್ಡು ಪೂರ್ತಿ ಮುಂಗಡ ಕೊಡಬೇಡಿ. ಮೊದಲು ಒಂದೇ ಕ್ಲಾಸ್, ಆಮೇಲೆ ಮೂರು ನಾಲ್ಕು, ಹಾಗೆ ಮಾತಾಡಿಕೊಳ್ಳಿ.

ಮೊದಲ ಭೇಟಿಯಲ್ಲಿ ನೋಡಬೇಕಾದ್ದು ಒಂದೇ: ಹಗ್ಗ ಯಾರ ಕೈಯಲ್ಲಿದೆ? ಪೂರ್ತಿ ಒಂದು ತಾಸು ಅವರೇ ಹಿಡಿದು, ನಾಯಿ ಅವರ ಮಾತು ಕೇಳುವುದನ್ನು ನಿಮಗೆ ತೋರಿಸಿ ಹೋದರೆ ನೀವು ನೋಡಿದ್ದು ಪ್ರದರ್ಶನ. ಒಳ್ಳೆಯವರು ಮೊದಲು ನಿಮ್ಮ ನೋಟ್‌ಬುಕ್ ಓದುತ್ತಾರೆ, ಡಾಕ್ಟರಿಗೆ ತೋರಿಸಿದಿರಾ ಅಂತ ಕೇಳುತ್ತಾರೆ, ಹತ್ತು ನಿಮಿಷದೊಳಗೆ ಹಗ್ಗ ನಿಮ್ಮ ಕೈಗೆ ಕೊಟ್ಟು ನಿಮ್ಮ ತಪ್ಪು ತಿದ್ದುತ್ತಾರೆ. ಅಜ್ಜಿಯನ್ನೂ ಮಕ್ಕಳನ್ನೂ ಕರೆದು ಕೂರಿಸಿಕೊಳ್ಳುತ್ತಾರೆ. ನಾಯಿಯ ಜೊತೆ ಉಳಿದ ಇಪ್ಪತ್ಮೂರು ತಾಸು ಇರುವವರು ಅವರೇ ತಾನೆ.

ತರಬೇತಿ ಶುರುವಾದ ಮೇಲೂ ಸರಿ ಹೋಗದಿದ್ದರೆ

ಟ್ರೇನರ್ ಹೇಳಿದರೆ ಕೇಳುತ್ತದೆ, ನೀವು ಹೇಳಿದರೆ ಇಲ್ಲ: ಹಗ್ಗ ನಿಮ್ಮ ಕೈಗೆ ಬಂದಿಲ್ಲ. ಅಥವಾ ತಿಂಡಿ ತಡವಾಗಿ ಕೊಡುತ್ತಿದ್ದೀರಿ. ಕೂತ ಒಂದೆರಡು ಸೆಕೆಂಡಿನೊಳಗೆ ತುಣುಕು ಬಾಯಿಗೆ ಬರಬೇಕು. ಕೂತು, ಎದ್ದು, ನಿಮ್ಮ ಜೇಬು ಮೂಸಿದ ಮೇಲೆ ಕೊಟ್ಟರೆ ಜೇಬು ಮೂಸುವುದನ್ನು ಕಲಿಸಿದ ಹಾಗೆ. ತುಣುಕು ಕಡಲೆ ಕಾಳಿನಷ್ಟಿರಲಿ. ಉಪ್ಪು, ಮಸಾಲೆ, ಈರುಳ್ಳಿ ಇಲ್ಲದೆ ಬೇಯಿಸಿದ ಚಿಕನ್ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಮಾಂಸ ತರುವುದಿಲ್ಲ ಅನ್ನುವವರು ಪನೀರ್ ಚೂರು, ಬೇಯಿಸಿದ ಗೆಣಸು ಬಳಸಿ, ಏನೂ ಕೊರತೆ ಆಗುವುದಿಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ಮನೆಯಲ್ಲಿ ಕೇಳುತ್ತದೆ, ಓಣಿಯಲ್ಲಿ ಇಲ್ಲ: ಒಮ್ಮೆಲೇ ಕಷ್ಟ ಜಾಸ್ತಿ ಮಾಡಿದ್ದೀರಿ. ಪಡಸಾಲೆ, ಅಂಗಳ, ಮಹಡಿ, ಬೆಳಗಿನ ಖಾಲಿ ಓಣಿ, ಆಮೇಲೆ ಸಂತೆ ದಿನದ ಓಣಿ. ಪ್ರತಿ ಮೆಟ್ಟಿಲಲ್ಲೂ ಮೊದಲಿನಿಂದ ಕಲಿಸಬೇಕು.

ಬೇರೆ ನಾಯಿ ಕಂಡರೆ ತಿಂಡಿಯನ್ನೂ ಮುಟ್ಟುವುದಿಲ್ಲ: ತುಂಬಾ ಹತ್ತಿರ ನಿಂತಿದ್ದೀರಿ. ನಾಯಿ ಬೀದಿ ನಾಯಿಯನ್ನು ನೋಡಿಯೂ ತಿಂಡಿ ತಿನ್ನುವಷ್ಟು ದೂರ ಹೋಗಿ, ಐವತ್ತು ಹೆಜ್ಜೆಯಾದರೆ ಐವತ್ತು, ಅಲ್ಲಿಂದ ಶುರು ಮಾಡಿ. ಹೊಟ್ಟೆ ತುಂಬಿದ್ದರೂ, ಸೆಖೆಗೂ ತಿಂಡಿ ಬಿಡುತ್ತವೆ, ಅದನ್ನೂ ನೋಡಿ.

ಒಂದು ವಾರ ಕಡಿಮೆಯಾಗಿ ಈಗ ಮೊದಲಿಗಿಂತ ಜೋರಾಗಿದೆ: ಊಟಕ್ಕೆ ಕೂತಾಗ ಬೊಗಳಿ ರೊಟ್ಟಿ ಕೇಳುವ ನಾಯಿಗೆ ಕೊಡುವುದು ನಿಲ್ಲಿಸಿದರೆ ಮೊದಲ ಕೆಲವು ದಿನ ಬೊಗಳುವುದು ಜಾಸ್ತಿಯೇ ಆಗುತ್ತದೆ. ಇಷ್ಟು ದಿನ ಸಿಗುತ್ತಿದ್ದದ್ದು ಸಿಗುತ್ತಿಲ್ಲ, ಇನ್ನೂ ಜೋರಾಗಿ ಕೇಳಿ ನೋಡೋಣ ಅಂತ. ಆ ಹೊತ್ತಲ್ಲಿ ಅಪ್ಪ ಕರಗಿ ಒಂದು ತುಂಡು ಎಸೆದರೆ, ಜೋರಾಗಿ ಬೊಗಳಬೇಕು ಅನ್ನುವ ಹೊಸ ಪಾಠ ಕಲಿಸಿದ ಹಾಗಾಯಿತು. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಿ.

ಗುರ್ ಅನ್ನುವುದು ನಿಂತಿದೆ, ಆದರೆ ಈಗ ಸದ್ದಿಲ್ಲದೆ ಕಚ್ಚುತ್ತದೆ: ತಕ್ಷಣ ತರಬೇತಿ ನಿಲ್ಲಿಸಿ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಹೊಡೆದರೆ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ಕೆಂಚ ಮೂರನೇ ವಾರದಲ್ಲಿ ಹೀಗೇ ಆಗಿದ್ದ. ಬೆಲ್ಟ್ ಹಿಡಿದರೆ ಕಲ್ಲಿನ ಹಾಗೆ ನಿಲ್ಲುತ್ತಿದ್ದ, ಕಣ್ಣಿನ ಬಿಳಿ ಕಾಣುತ್ತಿತ್ತು, ತುಟಿ ನೆಕ್ಕುತ್ತಿದ್ದ. "ನೋಡಿ, ಬಗ್ಗಿತು" ಅಂದರು ಟ್ರೇನರ್. ನಾನೂ ನಂಬಿದೆ.

ಗಂಗಾವತಿ ಅಕ್ಕ ಎಂಟನೇ ದಿನ ಫೋನ್ ಮಾಡಿದರು. ಹನ್ನೊಂದು ಸಲ ಬರೆದಿದ್ದರು, ಅದರಲ್ಲಿ ಒಂಬತ್ತು ಬೆಳಗಿನ ಜಾವ ಮೂರರಿಂದ ನಾಲ್ಕೂವರೆಯ ಒಳಗೆ. ಪಕ್ಕದ ರೈಸ್ ಮಿಲ್ಲಿಗೆ ಲಾರಿ ಬರುವ ಹೊತ್ತು, ನಾಯಿ ಕಟ್ಟುತ್ತಿದ್ದದ್ದು ಗೇಟಿನ ಕಂಬಕ್ಕೆ. ಹಿತ್ತಲ ಕಡೆ ಮಲಗಿಸಿದರು, ರಾತ್ರಿ ಬೊಗಳು ನಿಂತಿತು. ಉಳಿದ ಎರಡು ಸಲ ಅತ್ತೆಯವರ ಮೇಲೆ ಹಾರಿದ್ದು. ಅದಕ್ಕೆ ಮಾತ್ರ ಟ್ರೇನರ್ ಬೇಕು, ಎರಡು ಕ್ಲಾಸ್ ಸಾಕು ಅಂದೆ. ಫೋನ್ ಇಡುವ ಮೊದಲು ಅವರು ಕೇಳಿದರು: "ಬಂದೋರು ಹೊಡೆಯಾಕತ್ತಿದ್ರ ಏನ್ ಹೇಳೋದ್ರಿ? ದೊಡ್ಡೋರು, ಮನಿಗೆ ಬಂದಿರ್ತಾರ."

ಸಂಕೋಚ ನನಗೂ ಇತ್ತು. ಆ ಮೂರು ವಾರ ನನ್ನನ್ನು ಸುಮ್ಮನೆ ನಿಲ್ಲಿಸಿದ್ದು ಅದೇ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಜಗಳ ಬೇಡ, ವಾದ ಬೇಡ. ಹತ್ತಿರ ಹೋಗಿ, ಕೈ ಚಾಚಿ, "ಅಣ್ಣಾ, ಇವತ್ತಿಗೆ ಸಾಕ್ರಿ, ಹಗ್ಗ ಇಲ್ಲಿ ಕೊಡ್ರಿ" ಅನ್ನಿ. ಹಗ್ಗ ಈಸಿಕೊಂಡು ನಾಯಿಯನ್ನು ಒಳಗೆ ಕರೆದುಕೊಂಡು ಹೋಗಿ ನೀರು ಇಡಿ. ಅವತ್ತಿನ ಫೀಸು ಕೊಟ್ಟು ಕಳಿಸಿ.